ನಾಲ್ಕನೇ ಖೋಲಿಯ ಬಾಣಂತನ

ಗೋಳಗುಮ್ಮಟದ ಎದುರಿನ ಓಣಿಯಲ್ಲಿದ್ದ ನ್ಯೂ ಮಹಲ್ ಲಾಡ್ಜಿನ ನಾಲ್ಕನೇ ನಂಬರಿನ ಖೋಲಿಯ ಕಿಟಕಿಗೆ ಒಂದು ಗಾಜು ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಒಡೆದದ್ದು. ಆ ಜಾಗಕ್ಕೆ ಮ್ಯಾನೇಜರ ಭಾಗಪ್ಪ ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ಅಂಟಿಸಿದ್ದ. ಲಕ್ಷ್ಮಿ ಧೂಳನ್ನು ತಡೆದಳು, ಬಿಸಿಲನ್ನೂ ತಡೆದಳು. ಡಿಸೆಂಬರಿನ ಥಂಡಿಯನ್ನು ತಡೆಯುವುದು ಮಾತ್ರ ಅವಳಿಂದಲೂ ಆಗಲಿಲ್ಲ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷದ ಚಳಿಗಾಲ ಅದು. ಭಾಗಪ್ಪ ಹೆಸರಿಗೆ ಮ್ಯಾನೇಜರ. ಕಸ ಹೊಡೆಯುವವನು, ನೀರಿನ ಹಂಡೆಗೆ ಉರಿ ಹಾಕುವವನು, ಗಿರಾಕಿಗಳ ಬೈಗುಳ ತಿನ್ನುವವನು ಎಲ್ಲ ಅವನೇ. ಅವತ್ತು ಸಂಜೆ ಟಿಕೋಟಾದಲ್ಲಿ ಅವನ ಚೊಚ್ಚಲ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಹೆಂಡತಿ ಪರಸವ್ವನ ಸೀಮಂತದ ಕುಬಸಕ್ಕೆ ಅವನು ಹೋಗಿರಲಿಲ್ಲ, ರಜೆ ಸಿಗಲಿಲ್ಲ. ಹೆರಿಗೆಗೂ ಹೋಗಲಿಲ್ಲ, ಆಗಲೂ ರಜೆ ಸಿಗಲಿಲ್ಲ. ತೊಟ್ಟಿಲಿಗೂ ಬರದಿದ್ದರೆ ಮಗಳನ್ನೂ ಮೊಮ್ಮಗನನ್ನೂ ಕಳಿಸುವ ಮಾತೇ ಇಲ್ಲ ಎಂದು ಮಾವ ಶಿವಶರಣಪ್ಪ ಹೇಳಿ ಕಳಿಸಿದ್ದರು. ಬರುವಾಗ ಮದುವೆಯಲ್ಲಿ ಕೊಟ್ಟ ಹಸಿರು ಮಫ್ಲರ್ ಹಾಕಿಕೊಂಡೇ ಬರಬೇಕೆಂದೂ ಸೇರಿಸಿದ್ದರು. ಯಾಕೆಂದು ಕೇಳುವ ಧೈರ್ಯ ಅಳಿಯನಿಗೆ ಇರಲಿಲ್ಲ. ಬೆಳಗಿನಿಂದಲೇ ಅದನ್ನು ಕೊರಳಿಗೆ ಸುತ್ತಿ, ಕೊಳೆಯಾಗದಂತೆ ಅಂಗಿಯೊಳಗೆ ಮುಚ್ಚಿಕೊಂಡಿದ್ದ.

ರಜೆಯ ಕೀಲಿಕೈ ಇದ್ದದ್ದು ಮಾಲಕ ಕಾಸಿಮಸಾಬರ ಹತ್ತಿರ. ಕಾಸಿಮಸಾಬರು ಕೆಟ್ಟವರಲ್ಲ. ಆದರೆ ಅವರಿಗೆ ಒಂದು ಹುಚ್ಚಿತ್ತು. ಕೆಂಪು ಬೈಂಡಿನ ತಕರಾರು ಪುಸ್ತಕ ಒಂದನ್ನು ತಂದು ಮೇಜಿನ ಮೇಲೆ ಇಟ್ಟಿದ್ದರು. ವರ್ಷವಾದರೂ ಅದರಲ್ಲಿ ಒಂದು ಅಕ್ಷರ ಬಿದ್ದಿರಲಿಲ್ಲ. ಬಂದವರಿಗೆಲ್ಲ ಅದರ ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುವಿ ತೋರಿಸಿ ಹಿಗ್ಗುತ್ತಿದ್ದರು. ಅವತ್ತು ಎಮ್ಮೆ ನೋಡಲು ಮೊದಲ ಬಸ್ಸಿಗೆ ಬಬಲೇಶ್ವರದ ಸಂತೆಗೆ ಹೊರಟವರು ಬಾಗಿಲಲ್ಲಿ ನಿಂತು ಅಪ್ಪಣೆ ಕೊಟ್ಟರು.

"ಎರಡಕ್ಕ ಬರ್ತೀನಿ. ಪುಸ್ತಕ ಹಿಂಗss ಕೋರಾ ಇತ್ತಂದ್ರ ಮೂರರ ಬಸ್ಸಿಗಿ ಹೋಗು. ಒಂದು ಅಕ್ಷರ ಬಿದ್ದಿತ್ತಂದ್ರ ನಿನ್ನ ಮಗಾ ಬ್ಯಾರೆ ಯಾರರ ಕೈಲೆ ತೊಟ್ಟಿಲ ಹತ್ತಲಿ."

ಅವರು ಆ ಕಡೆ ಹೋದರು, ಈ ಕಡೆ ಸೊಲ್ಲಾಪುರದ ರೈಲಿನಿಂದ ಇಳಿದ ಗಿರಾಕಿಯೊಬ್ಬರು ಟಾಂಗಾದಲ್ಲಿ ಬಂದರು. ಅರವತ್ತು ದಾಟಿದ ಮನುಷ್ಯ. ಬಿಳಿ ಮೀಸೆ, ಉಣ್ಣೆಯ ಕೋಟು, ಕಿವಿ ಮುಚ್ಚುವ ಟೊಪ್ಪಿಗೆ. ಮಾತು ಈ ಕಡೆಯದೇ, ನಡುನಡುವೆ ಹಿಂದಿ. ಜೊತೆಗೆ ಒಂದು ಟ್ರಂಕು, ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯ ಗಂಟು. ಗಂಟನ್ನು ಟಾಂಗಾದವನಿಗೂ ಮುಟ್ಟಗೊಡದೆ ತಾವೇ ಹೊತ್ತು ತಂದರು. ರಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಗೀಚಿದ ಸಹಿ ಕೋಳಿ ಕೆದರಿದ ಹಾಗಿತ್ತು. ಭಾಗಪ್ಪ ಅದನ್ನು ಓದುವ ಗೋಜಿಗೆ ಹೋಗದೆ 'ಸಾಹೇಬರು' ಎಂದುಕೊಂಡ. ಖಾಲಿ ಇದ್ದದ್ದು ನಾಲ್ಕನೇ ಖೋಲಿ ಒಂದೇ.

ಹತ್ತು ನಿಮಿಷಕ್ಕೆ ಸಾಹೇಬರು ಕೆಳಗೆ ಇಳಿದು ಬಂದರು. ಹಲ್ಲು ಕಟಕಟ ಎನ್ನುತ್ತಿದ್ದವು.

"ಮ್ಯಾನೇಜರ, ಹೊರಗೂ ಅಷ್ಟss ಥಂಡಿ, ಒಳಗೂ ಅಷ್ಟss ಥಂಡಿ. ಹಂಗಾದ್ರ ಈ ಗ್ವಾಡಿ ಯಾಕ ಕಟ್ಟೀರಿ?"

ಗೋಡೆಯನ್ನು ಕಟ್ಟಿದ್ದು ಕಾಸಿಮಸಾಬರ ಅಜ್ಜ ಎಂದು ಭಾಗಪ್ಪ ತಿಳಿಸಿದ. ಸಾಹೇಬರಿಗೆ ಅದರಿಂದ ಸಮಾಧಾನವಾಗಲಿಲ್ಲ. ತಾವು ಇಪ್ಪತ್ತೆರಡು ವರ್ಷ ಹಿಮ ಬೀಳುವ ಊರಲ್ಲಿ ನೌಕರಿ ಮಾಡಿದವರು, ಅಲ್ಲಿಯ ಸಣ್ಣ ಹೋಟೆಲಿನಲ್ಲೂ ಖೋಲಿ ಬೆಚ್ಚಗಿರುತ್ತದೆ, ಗಿರಾಕಿ ಬಾಡಿಗೆ ಕೊಡುವುದೇ ಥಂಡಿಯನ್ನು ಹೊರಗೆ ನಿಲ್ಲಿಸಲು ಎಂದು ಒಂದು ಭಾಷಣ ಮಾಡಿದರು. ಸಂಜೆಗೆ ತಮಗೊಂದು ಕಾರ್ಯವಿದೆ, ಅಲ್ಲಿಯತನಕ ಬೆಚ್ಚಗೆ ಒಂದು ನಿದ್ದೆ ಆಗಬೇಕು, ಅಷ್ಟೇ ತಮ್ಮ ಬೇಡಿಕೆ ಎಂದರು. ಆಮೇಲೆ ಕಣ್ಣು ಕೆಂಪು ಬೈಂಡಿನ ಮೇಲೆ ಬಿತ್ತು.

"ಅದು ತಕರಾರು ಪುಸ್ತಕ ಹೌದಲ್ಲೋ? ಕೊಡಿಲ್ಲೆ."

ಭಾಗಪ್ಪ ಪುಸ್ತಕವನ್ನು ಎದೆಗವಚಿಕೊಂಡು, ಒಂದೇ ಒಂದು ತಾಸು ಕೊಡಿ, ಖೋಲಿಯನ್ನು ಹಂಚಿನ ಹಾಗೆ ಕಾಯಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟ.

ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಹೇಗೆಂದು ತಿಳಿಯದೆ ಪಕ್ಕದ ಚಹಾದಂಗಡಿಗೆ ಓಡಿದ. ಚಹಾದ ಹಣಮಂತನಿಗೆ ಜಗತ್ತಿನ ಯಾವ ವಿಷಯದಲ್ಲೂ ಸಲಹೆ ಇಲ್ಲ ಎಂದಿರಲಿಲ್ಲ. ಗಿರಾಕಿ ಕೇಳುವುದು ಹಾಸಿಗೆ, ದಿಂಬು, ಒಂದು ಬಕೀಟು ಬಿಸಿನೀರು. ಗಾಳಿಯನ್ನೂ ಕಾಯಿಸಿ ಕೊಡಿ ಅಂದರೆ ಅವನು ಬಾದಶಹನೇ ಇರಬೇಕು, ಬಾದಶಹರ ಜಾಗ ಎದುರಿನ ಗುಮ್ಮಟದೊಳಗಿದೆ ಎಂದು ಮೊದಲು ತೀರ್ಪು ಕೊಟ್ಟ. ಆಮೇಲೆ ಕರುಣೆ ಬಂದು ಮನೆಯಿಂದ ಮೂರು ಕೌದಿ ತಂದುಕೊಟ್ಟ. ಮೂರೂ ಕೌದಿ ಹೊದೆದ ಸಾಹೇಬರು ಕಾಲು ತಾಸು ಮುದುರಿ ಮಲಗಿದರು. ಅಷ್ಟರೊಳಗೆ ಕೌದಿಯಲ್ಲಿದ್ದ ತಗಣಿಗಳಿಗೂ ಬೆಚ್ಚಗಾಗಿ ಎಚ್ಚರವಾಯಿತು. ಸಾಹೇಬರು ಕೆರೆದುಕೊಳ್ಳುತ್ತ ಎದ್ದು ಕೂತು ಪುಸ್ತಕ ಕೇಳಿದರು.

ಎರಡನೆಯ ಸಲಹೆ ಸ್ಟೋವ್. ಹಣಮಂತ ಅಂಗಡಿಯದೇ ಪಂಪಿನ ಸ್ಟೋವನ್ನು ಖೋಲಿಯ ನಡುವೆ ತಂದಿಟ್ಟು, ಇದು ಭಟ್ಟಿಯಷ್ಟು ಶಾಖ ಕೊಡುತ್ತದೆ ಎಂದು ಪಂಪು ಹೊಡೆದ. ಸ್ಟೋವ್ ಭುಸ್ಸೆಂದು ಮಾಳಿಗೆಯ ತನಕ ಉರಿದು, ಅಷ್ಟೇ ಅವಸರದಿಂದ ಆರಿಹೋಯಿತು. ಹೊಗೆ ತಿಳಿಯಾದಾಗ ಸಾಹೇಬರ ಬಿಳಿ ಮೀಸೆ ಕರಿಯ ಮೀಸೆಯಾಗಿತ್ತು. ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ ಎಂದು ಹಣಮಂತ ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಪುಸ್ತಕದ ಜೊತೆಗೆ ಪೆನ್ನನ್ನೂ ಕೇಳಿದರು.

ಭಾಗಪ್ಪ ಹಿತ್ತಲ ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ಇನ್ನೂ ಮುಖ ನೋಡದ ಮಗ ನೆನಪಾಗಿ ನಿಜವಾಗಿಯೂ ಅಳು ಬಂತು. ಹಿತ್ತಲ ಆಚೆ ಬದಿಯ ಮನೆಯಲ್ಲಿ ಸೂಲಗಿತ್ತಿ ರಾಜಬಿ ಕುಳ್ಳು ಒಣಗಿಸುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಓಣಿಯ ಅರ್ಧ ಜನ, ಕಾಸಿಮಸಾಬರೂ ಸೇರಿ, ಅವಳ ಕೈಯಲ್ಲೇ ಭೂಮಿಗೆ ಬಿದ್ದವರು. ಭಾಗಪ್ಪನ ಗೋಳನ್ನು ಕೇಳಿ ಅವಳು ಬೊಚ್ಚು ಬಾಯಿ ಬಿಟ್ಟು ನಕ್ಕಳು.

"ಖೋಲಿ ಕಾಸೂದು ಈ ಊರಾಗ ಯಾರಿಗಿ ಗೊತ್ತೈತೋ ನನ್ನ ಬಿಟ್ರ? ಐವತ್ತು ವರ್ಷ ಅದನ್ನss ಮಾಡೇನಿ. ನಡಿ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಿಜಾಪುರದಲ್ಲಿ ಬಾಣಂತಿಗಲ್ಲದೆ ಮತ್ತೆ ಯಾರಿಗೂ ಖೋಲಿ ಕಾಯಿಸುವ ಪದ್ಧತಿ ಇಲ್ಲ. ರಾಜಬಿಗೆ ಗೊತ್ತಿದ್ದದ್ದೂ ಅದೊಂದೇ ಪದ್ಧತಿ. ಒಳಗೆ ಮಲಗಿದವರು ಯಾರು, ಅವರಿಗೆ ಮೀಸೆ ಇದೆಯೋ ಇಲ್ಲವೋ ಎಂಬುದು ಅವಳಿಗೆ ಸಂಬಂಧಪಡದ ವಿಚಾರ.

ಕಿಟಕಿಯ ಲಕ್ಷ್ಮಿಯ ಮೇಲೆ ಗೋಣಿಚೀಲ ಬಿತ್ತು. ಬೆಳಕಿಂಡಿಯೊಂದನ್ನು ಬಿಟ್ಟು ಉಳಿದ ಸಂದಿಗೊಂದಿಗಳಿಗೆಲ್ಲ ಬಟ್ಟೆ ತುರುಕಿದಳು. ಸಾಹೇಬರ ಮಂಚವನ್ನು ಹೊರಗೆ ಹಾಕಿಸಿ, ತನ್ನ ಮನೆಯ ನುಲಿಯ ಹೊರಸನ್ನು ತರಿಸಿದಳು. ಅದರ ಕೆಳಗೆ ಕುಳ್ಳಿನ ಕೆಂಡದ ಅಗ್ಗಿಷ್ಟಿಗೆ ಇಟ್ಟು, ಮೇಲೆ ಒಂದು ಹಿಡಿ ಅಜವಾನ, ಒಂದು ಚೂರು ಲೋಬಾನ ಉದುರಿಸಿದಳು. ಶಾಖ ನುಲಿಯ ಸಂದಿಯಿಂದ ಏರಿ ಬೆನ್ನಿಗೆ ತಾಗಿದ ಕೂಡಲೇ ಸಾಹೇಬರ ಹುಬ್ಬು ಸಡಿಲಾಯಿತು. "ವಾಹ್" ಎಂದರು. ಅಲ್ಲಿಗೇ ನಿಂತಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು.

ಆದರೆ ರಾಜಬಿ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಸಾಹೇಬರ ಎರಡೂ ಕಿವಿಗಳಿಗೆ ಅರಳೆ ಇಟ್ಟಳು. ಹೊಟ್ಟೆಗೆ ಹಳೆಯ ಸೀರೆಯನ್ನು ಬಿಗಿದು ಸುತ್ತಿದಳು. ಅವರು ಇದೇನು ಎಂದು ಬಾಯಿ ತೆರೆದಾಗಲೆಲ್ಲ ಅಂಟಿನ ಉಂಡಿ ಇಟ್ಟಳು. ತಲೆಗೆ ಕಟ್ಟಲು ಉಣ್ಣೆಯ ಬಟ್ಟೆ ಬೇಕೆಂದು ಸುತ್ತ ನೋಡಿ, ಭಾಗಪ್ಪನ ಅಂಗಿಯೊಳಗಿಂದ ಇಣುಕುತ್ತಿದ್ದ ಹಸಿರು ಮಫ್ಲರನ್ನು ಸರ್ರನೆ ಎಳೆದುಕೊಂಡಳು. ಆಮೇಲೆ ಇಸಿದುಕೊಂಡರಾಯಿತು ಎಂದು ಅವನೂ ಬಿಟ್ಟುಕೊಟ್ಟ.

ಮಫ್ಲರ್ ಕಣ್ಣಿಗೆ ಬಿದ್ದದ್ದೇ ಸಾಹೇಬರು ಹೊರಸಿನ ಮೇಲೆ ಅರ್ಧ ಎದ್ದರು. ಅದರ ತುದಿ ಹಿಡಿದು ತಿರುವಿ ನೋಡಿದರು, ಭಾಗಪ್ಪನ ಮುಖ ನೋಡಿದರು.

"ಏ ತಮ್ಮಾ, ಈ ಮಫ್ಲರ್ ನಿನಗ..."

ಉಳಿದದ್ದು ಶುಂಠಿ ಕಷಾಯದ ಜೊತೆಗೆ ಒಳಗೆ ಹೋಯಿತು. ಬಾಣಂತಿ ಮಾತಾಡಿದರೆ ವಾಯು ಆಗುತ್ತದೆ ಎಂದು ರಾಜಬಿ ಲೋಟ ಇಳಿಸಲೇ ಇಲ್ಲ. ಕಷಾಯ ಮುಗಿಯುವ ಹೊತ್ತಿಗೆ ಶಾಖ ತನ್ನ ಕೆಲಸ ಮಾಡಿತ್ತು. ಸಾಹೇಬರು ಗೊರಕೆ ಹೊಡೆಯುತ್ತಿದ್ದರು.

ಒಂದೂವರೆಗೆ ಅವರಿಗೆ ಎಚ್ಚರವಾಯಿತು. ನಾನು ಹೋಗಬೇಕು, ಆ ಮ್ಯಾನೇಜರನನ್ನು ಕರೆಯಿರಿ ಎಂದು ಕೂಗಿದ್ದು ಕೆಳಗಿನ ತನಕ ಕೇಳಿತು. ಕರೆಯುವುದು ಪುಸ್ತಕಕ್ಕಾಗಿಯೇ ಎನ್ನುವುದರಲ್ಲಿ ಭಾಗಪ್ಪನಿಗೆ ಸಂಶಯವಿರಲಿಲ್ಲ. ಇನ್ನು ಅರ್ಧ ತಾಸು ಕಳೆದರೆ ಕಾಸಿಮಸಾಬರು ಬರುತ್ತಾರೆ. ಮೆಟ್ಟಿಲ ಮೇಲೆ ರಾಜಬಿಯನ್ನು ಹಿಡಿದು, ಅವರು ಏನೇ ಅನ್ನಲಿ, ದೀಪ ಹಚ್ಚುವ ತನಕ ಏಳಗೊಡಬೇಡ ಎಂದು ಕಾಲಿಗೆ ಬಿದ್ದ.

"ನೀ ಹೇಳೂದೇನೈತಿ?" ಎಂದಳು ರಾಜಬಿ. "ಕಾಸಿದ ಮೈಯಿ ಗಾಳಿಗಿ ಹೋದ್ರ ಸನ್ನಿ ಹಿಡೀತೈತಿ. ನನ್ನ ಕೈಯಾಗಿನ ಬಾಣಂತಿ ಒಬ್ಬಾಕಿನೂ ಇನ್ನಾತನಕ ಹೊತ್ತ ಮುಣಗೂಕಿಂತ ಮೊದಲ ಹೊರಸ ಇಳದಿಲ್ಲ."

ಒಳಗೆ ಹೋಗಿ ಮತ್ತೊಂದು ಲೋಟ ಕಷಾಯ ಕುಡಿಸಿ ಮಲಗಿಸಿ ಬಂದು, ಬಾಗಿಲಿಗೆ ಹೊರಗಿನ ಚಿಲಕ ಹಾಕಿ, ಹೊಸ್ತಿಲ ಮೇಲೆ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತುಬಿಟ್ಟಳು.

ಎರಡಕ್ಕೆ ಸರಿಯಾಗಿ ಕಾಸಿಮಸಾಬರು ಬಂದರು. ಎಮ್ಮೆ ಕುದುರಿರಲಿಲ್ಲ, ಮುಖ ಗಂಟಿಕ್ಕಿತ್ತು. ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದರು, ಕೊನೆಯ ರಟ್ಟನ್ನೂ ನೋಡಿದರು. ಮುಖ ಅರಳಿತು. ಅಷ್ಟರಲ್ಲಿ ಮೂಗಿಗೆ ಅಜವಾನದ ಹೊಗೆ ಬಂತು.

"ನಮ್ಮ ಲಾಡ್ಜಿನಾಗ ಯಾರ ಹಡದಾರೋ?"

ನಾಲ್ಕನೇ ಖೋಲಿಯ ಗಿರಾಕಿಗೆ ಸ್ವಲ್ಪ ಆರಾಮ ಬೇಕಾಗಿತ್ತು ಎಂದು ಭಾಗಪ್ಪ ತೊದಲಿದ. ಕಾಸಿಮಸಾಬರು ಮೆಟ್ಟಿಲೇರಿ ಹೋಗಿ ಅಷ್ಟೇ ಬೇಗ ಇಳಿದು ಬಂದರು. ಬಾಣಂತಿಯ ಖೋಲಿಗೆ ಗಂಡಸರು ಬರಬಾರದು ಎಂದು ರಾಜಬಿ ಅವರನ್ನು ಕಿವಿ ಹಿಂಡಿ ಕಳಿಸಿದ್ದಳು. ಹುಟ್ಟಿದ ದಿನವೇ ತಮ್ಮ ಕಾಲು ಹಿಡಿದು ತಲೆಕೆಳಗೆ ಮಾಡಿದವಳೊಂದಿಗೆ ಅವರು ವಾದ ಮಾಡುವಂತಿರಲಿಲ್ಲ. ರಜೆ ಮಂಜೂರಾಯಿತು.

ಮೂರರ ಬಸ್ಸಿನಲ್ಲಿ ಭಾಗಪ್ಪ ಕಿಟಕಿಯ ಪಕ್ಕ ಕೂತು, ವರ್ಷದಲ್ಲಿ ಮೊದಲ ಬಾರಿಗೆ ಸಿಳ್ಳೆ ಹಾಕಿದ. ಕಂಡಕ್ಟರನಿಗೆ ಮಗ ಹುಟ್ಟಿದ ಸುದ್ದಿ ಹೇಳಿದ, ಪಕ್ಕದವರಿಗೆ ಹೇಳಿದ, ಎದುರಿನ ಬುಟ್ಟಿಯಲ್ಲಿದ್ದ ಕೋಳಿಗಳಿಗೂ ಹೇಳಿದ. ಕೊರಳಿಗೆ ಗಾಳಿ ತಾಗಿದಾಗ ಮಫ್ಲರ್ ಮರೆತದ್ದು ನೆನಪಾಯಿತು. ನಾಳೆ ತಂದರಾಯಿತು ಎಂದುಕೊಂಡ.

ಟಿಕೋಟಾದ ಮನೆಯ ಪಡಸಾಲೆ ಹೆಂಗಸರಿಂದ ತುಂಬಿತ್ತು. ಜಂತಿಯಿಂದ ಎರಡು ಹೊಸ ಹಗ್ಗ ಇಳಿಬಿದ್ದಿದ್ದವು. ತೊಟ್ಟಿಲು ಮಾತ್ರ ಕಾಣಲಿಲ್ಲ. ಒಳಗಿನ ಬೆಚ್ಚನೆಯ ಖೋಲಿಯ ಬಾಗಿಲಲ್ಲಿ ಪರಸವ್ವ ಕೂಸನ್ನು ಎತ್ತಿ ತೋರಿಸಿದಳು. ಕೂಸು ಕಣ್ಣು ಬಿಟ್ಟು ಅಪ್ಪನನ್ನು ನೋಡಿ ಆಕಳಿಸಿತು. ಭಾಗಪ್ಪನಿಗೆ ಇಷ್ಟು ಹೊತ್ತಿನ ಪಾಡೆಲ್ಲ ಸಾರ್ಥಕವಾಯಿತು ಅನಿಸಿತು.

ಶಿವಶರಣಪ್ಪನವರು ಮಾತ್ರ ಅಳಿಯನ ಬೆನ್ನ ಹಿಂದೆ, ಬಸ್ಸು ಬಂದ ದಾರಿಯನ್ನೇ ನೋಡುತ್ತಿದ್ದರು.

"ಒಬ್ಬರss ಬಂದ್ರಿ?" ಎಂದರು. "ಅಣ್ಣಾವ್ರು ಬಸ್ಸಿನಾಗ ಇರಲಿಲ್ಲ?"

ಆ ಮನೆಯಲ್ಲಿ ಹಿರಿಯರ ಹೆಸರನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಅಣ್ಣಾವ್ರು ಎಂದರೆ ಮಾವನವರ ಅಣ್ಣ, ದೂರದಲ್ಲಿ ನೌಕರಿಯಲ್ಲಿದ್ದು ಮದುವೆಗೂ ಬರಲಾಗದವರು ಎಂದಷ್ಟೇ ಭಾಗಪ್ಪನಿಗೆ ಗೊತ್ತಿತ್ತು. ಮಾವ ಬಿಡಿಸಿ ಹೇಳಿದರು. ಅವರು ನಿವೃತ್ತರಾಗಿ ಊರಿಗೇ ಬರುತ್ತಿದ್ದಾರೆ. ಮೊಮ್ಮಗನಿಗೆಂದು ದೇವದಾರು ಮರದ ತೊಟ್ಟಿಲನ್ನು ಬಿಚ್ಚಿ ಗೋಣಿಯಲ್ಲಿ ಕಟ್ಟಿ ತರುತ್ತಿದ್ದಾರೆ. ಬೆಳಿಗ್ಗೆ ವಿಜಾಪುರದಲ್ಲಿ ಇಳಿದು, ಯಾವುದಾದರೂ ಲಾಡ್ಜಿನಲ್ಲಿ ದಣಿವಾರಿಸಿಕೊಂಡು ಮೂರರ ಬಸ್ಸಿಗೆ ಬರುತ್ತೇನೆಂದು ಬರೆದಿದ್ದರು.

"ನಿಮ್ಮನ್ನ ಅವ್ರು ನೋಡಿಲ್ಲ. ಅದಕ್ಕ ಅವರಿಗಿ ಬರದಿದ್ದೆ, ಮದುವಿಗಂತ ನೀವು ಕಳಿಸಿದ ಹಸರ ಮಫ್ಲರ್ ಹಾಕ್ಕೊಂಡಾವನss ನಮ್ಮ ಅಳಿಯಾ ಅಂತ. ಅಂದಂಗ ಮಫ್ಲರ್ ಎಲ್ಲೈತಿ?"

ಭಾಗಪ್ಪನ ಕೈ ತಾನಾಗಿಯೇ ಬರಿಯ ಕೊರಳಿಗೆ ಹೋಯಿತು. ಗೋಣಿತಟ್ಟಿನ ಗಂಟು ಕಣ್ಣ ಮುಂದೆ ಬಂತು. ಸಾಹೇಬರ ಹಸಿ ಟವೆಲನ್ನು ಒಣಗಲೆಂದು ತಾನೇ ಅದರ ಮೇಲೆ ಹರವಿ ಬಂದಿದ್ದ.

ಅತ್ತೆ ಶಂಕ್ರೆವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ದಾರಿಯಲ್ಲಿ ಯಾರೋ ತಡೆದು ಕೂರಿಸಿಕೊಂಡಿರಬೇಕು ಎಂದು ಪೇಚಾಡಿದಳು. ತಡೆದವನು ಸಿಕ್ಕರೆ ಅವನ ಕಾಲು ಮುರಿಯುತ್ತೇನೆ, ಮತ್ತೆ ಈ ಹೊಸ್ತಿಲು ತುಳಿಸುವುದಿಲ್ಲ ಎಂದು ಶಿವಶರಣಪ್ಪನವರು ಹೂಂಕರಿಸಿದರು. ಹೊರಗೆ, ತಿರುಗಿ ವಿಜಾಪುರಕ್ಕೆ ಹೊರಟಿದ್ದ ಅದೇ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಥಂಡ್ಯಾಗ ಎಲ್ಲೆ ಕುಂತಾರೋ ಏನೋ" ಎಂದರು ಮಾವ. "ವಯಸ್ಸಾದ ಜೀವ."

ಭಾಗಪ್ಪ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹೊಸ್ತಿಲು ದಾಟಿದ.

"ಥಂಡಿ ಕಾಳಜಿ ಬ್ಯಾಡ್ರಿ ಮಾವಾರ" ಎಂದ. "ಅವರ ಬಾಣಂತನ ಛಲೋ ನಡದೈತಿ."