ಡಾಕ್ಟರ ತಲೆಯ ಮೇಲೊಂದು ಕುಣಿತ

ಮಗಳ ಮದುವೆಗೆಂದು ಹೊಲಿಸಿದ್ದ ಕೋಟಿನ ಗುಂಡಿ ಹಾರಿ, ಕನ್ನಡಿಗೆ ಬಡಿದು, ಮಂಚದ ಕೆಳಗೆ ಓಡಿಹೋಯಿತು. ಗಡಿಯಾರದ ಮಾಮ ಉಸಿರು ಬಿಗಿಹಿಡಿದು ನಿಂತೇ ಇದ್ದರು. ಹೊಟ್ಟೆ ಮಾತು ಕೇಳಲಿಲ್ಲ. ದಿನವಿಡೀ ಅಂಗಡಿಯಲ್ಲಿ ಕೂತು ಕೈಗಡಿಯಾರಗಳ ಹೊಟ್ಟೆ ಬಗೆಯುವವರಿಗೆ ತಮ್ಮ ಹೊಟ್ಟೆ ಯಾವಾಗ ಬೆಳೆಯಿತೆಂದೇ ಗೊತ್ತಾಗಿರಲಿಲ್ಲ.

"ದರ್ಜಿ ಒಳಗೆ ಬಟ್ಟೆ ಬಿಟ್ಟಿಲ್ವಂತೆ," ಎಂದರು ಹೆಂಡತಿ. "ಕೋಟು ಹಿಗ್ಗಲ್ಲ. ನೀವೇ ಕುಗ್ಗಬೇಕು."

ಮರುದಿನ ಬೆಳಿಗ್ಗೆ ಮಗಳು ಟೀವಿಯಲ್ಲಿ ಡ್ಯಾನ್ಸ್ ಏರೋಬಿಕ್ಸ್ ವಿಡಿಯೊ ಹಾಕಿಕೊಟ್ಟು ಕೆಲಸಕ್ಕೆ ಹೊರಟಳು. ತೊಡಕಿದ್ದದ್ದು ಒಂದೇ. ಕೆಳಗಡೆ ಮನೆ ಮಾಲೀಕರಾದ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಮೇಲೆ ಕುರ್ಚಿ ಎಳೆದರೆ ಕೆಳಗೆ ಅವರ ಕೈ ನಡುಗುತ್ತದೆ. ಹಾಗಾಗಿ ಈ ಮನೆಯಲ್ಲಿ ಕುರ್ಚಿಯನ್ನು ಮಲಗಿದ ಮಗುವಿನಂತೆ ಎತ್ತಿಡುವುದೇ ಪದ್ಧತಿ. ಹೋದ ವಾರ ಬಕೆಟ್ ಜಾರಿ ಬಿದ್ದಾಗ ಡಾಕ್ಟರು, "ಇನ್ನೊಂದ್ಸಲ ಸದ್ದಾದ್ರೆ ಮನೆ ಖಾಲಿ ಮಾಡಿ," ಎಂದುಬಿಟ್ಟಿದ್ದರು. ಮದುವೆ ಮುಂದಿಟ್ಟುಕೊಂಡು ಮನೆ ಹುಡುಕುವುದೆಲ್ಲಿ?

"ಕ್ಲಿನಿಕ್ ತೆರೆಯೋದ್ರೊಳಗೆ ಮುಗಿಸ್ತೀನಿ," ಎಂದರು ಮಾಮ. ಹೆಂಡತಿ ಗಂಡನ ಕಾಲಡಿಗೆ ಎರಡು ಕಂಬಳಿ ಹಾಸಿ, ಟೀವಿಗೆ ಉದ್ದ ವಯರಿನ ಹೆಡ್‌ಫೋನ್ ಚುಚ್ಚಿ ಅವರ ಕಿವಿಗೆ ತಾವೇ ಸಿಕ್ಕಿಸಿ, ಬಟ್ಟೆ ಒಣಹಾಕಲು ತಾರಸಿಗೆ ಹೋದರು.

ಹಾಡು ಕಿವಿಗೆ ಬಿದ್ದದ್ದೇ ತಡ, ಮಾಮನ ಮೈಗೆ ರೆಕ್ಕೆ ಬಂದವು! ಕೈ ಮೇಲೆ, ಸೊಂಟ ಪಕ್ಕಕ್ಕೆ, ಕಾಲು ಇನ್ನೆಲ್ಲಿಗೋ. ಜಗತ್ತಿನ ಗಡಿಯಾರಗಳನ್ನೆಲ್ಲ ಸರಿಯಿಡುವವರು ತಮ್ಮ ಗೋಡೆಯ ಗಡಿಯಾರ ನೋಡುವುದನ್ನೇ ಮರೆತರು. ಕೆಳಗೆ ಕ್ಲಿನಿಕ್ಕಿನ ಬಾಗಿಲು ತೆರೆದದ್ದೂ ತಿಳಿಯಲಿಲ್ಲ.

ಎದುರುಮನೆಯ ಅಜ್ಜಿ ಕಿಟಕಿಯಿಂದ ನೋಡಿದರು. ಹಾಡಿಲ್ಲ, ಸದ್ದಿಲ್ಲ. ಟೀವಿಯಿಂದ ಹೊರಟ ವಯರು ಮಾಮನ ತಲೆಗೆ ಸುತ್ತಿಕೊಂಡಿದೆ, ಮೈಯೆಲ್ಲ ಅದುರುತ್ತಿದೆ.

"ಅಯ್ಯಯ್ಯೋ, ಮಾಮಂಗೆ ಕರೆಂಟ್ ಹೊಡೀತಿದೆ! ಯಾರಾದ್ರೂ ಬನ್ರೋ!"

ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರು ಊರುಗೋಲು ಹಿಡಿದು ನುಗ್ಗಿದರು. ಹಿಂದೆಯೇ ಅಜ್ಜಿ.

"ಮುಟ್ಬೇಡಿ! ಒಣಕಟ್ಟಿಗೆಯಿಂದ ಹೊಡೆದು ಬಿಡಿಸ್ಬೇಕು!" ಎಂದವರೇ ಮಾಸ್ತರು ಮಾಮನ ಮೀನಖಂಡಕ್ಕೆ ಬಲವಾಗಿ ಬಾರಿಸಿದರು.

ವಿಡಿಯೊದ ಹುಡುಗಿಯೂ ಹಾರದಷ್ಟು ಎತ್ತರಕ್ಕೆ ಹಾರಿದ ಮಾಮ ಕಂಬಳಿ ಬಿಟ್ಟು ಬರಿ ನೆಲಕ್ಕೆ ಬಂದು ಬಿದ್ದರು. ಧಡಾರ್! ಕೆಳಗಿನಿಂದ ಒಂದು ಚೀತ್ಕಾರ. ಮಾಮನ ಕಿವಿಯಿಂದ ಹೆಡ್‌ಫೋನ್ ಕಳಚಿ ಬಿತ್ತು.

"ಬಿಡ್ತು, ಕರೆಂಟ್ ಬಿಡ್ತು!" ಎಂದು ಮಾಸ್ತರು ಕುಣಿದರು.

"ಏನ್ಸಾರ್ ಬಿಡೋದು? ಡ್ಯಾನ್ಸ್ ಮಾಡ್ತಿದ್ದೆ ನಾನು!"

"ಈ ಮೈ ಇಟ್ಕೊಂಡಾ?" ಎಂದರು ಅಜ್ಜಿ. ಆದರೂ ಪಕ್ಕದಲ್ಲಿ ಕುಕ್ಕರಿಸಿ, ಊದಿದ ಕಾಲನ್ನು ನೀವತೊಡಗಿದರು.

ಮೆಟ್ಟಿಲ ಮೇಲೆ ದಡದಡ ಹೆಜ್ಜೆ. ರಕ್ತ ಹತ್ತಿದ ಇಕ್ಕಳ ಹಿಡಿದ ಡಾಕ್ಟರು ಬಾಗಿಲಲ್ಲಿ! ತಾರಸಿಯಿಂದ ಓಡಿಬಂದ ಹೆಂಡತಿ ಅವರ ಹಿಂದೆಯೇ ಗರಬಡಿದಂತೆ ನಿಂತರು.

"ಯಾರು ಹಾರಿದ್ದು?"

"ನಾನೇ," ಎಂದು ಮಾಸ್ತರು ಮುಂದೆ ಬಂದರು.

ಕಡ್ಡಿಯಂತಿದ್ದ ಅವರನ್ನು ಡಾಕ್ಟರು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಹಾರಿದ್ರೆ ನೊಣ ಕೂತಂಗಿರತ್ತೆ. ನಿಜ ಹೇಳಿ."

ಮಾಮ ಕೈಮುಗಿದರು. "ನಾನೇ ಸಾರ್. ಮಗಳ ಮದುವೆವರೆಗಾದ್ರೂ ಇರೋಕೆ ಬಿಡಿ. ಇನ್ನು ಕಾಲೇ ಎತ್ತಲ್ಲ."

"ಎತ್ತಲ್ವಾ? ಹಾಗಂದ್ರೆ ಹೇಗ್ರೀ!" ಡಾಕ್ಟರು ಇಕ್ಕಳದಲ್ಲಿದ್ದ ಹಲ್ಲನ್ನು ಪದಕದಂತೆ ಎತ್ತಿ ಹಿಡಿದರು. "ಕೆಳಗೆ ಪೊಲೀಸಪ್ಪ ಇದ್ದಾರೆ. ಎಷ್ಟು ದಿನದಿಂದ ಬಂದು ಕೂರ್ತಾರೆ, ಬಾಯಿ ಮಾತ್ರ ಬಿಡಲ್ಲ. ನಿಮ್ಮ ಸದ್ದಿಗೆ ಹೆದರಿ 'ಅಮ್ಮಾ' ಅಂದ್ರು ನೋಡಿ, ಕಿತ್ತೇಬಿಟ್ಟೆ!"

"ಹಾಗಾದ್ರೆ ಮನೆ..."

"ಎಲ್ಲೂ ಹೋಗೋ ಹಾಗಿಲ್ಲ! ಹೆದರುಪುಕ್ಕಲರು ಬಂದಾಗ ಕೆಳಗಿಂದ ಕೋಲಲ್ಲಿ ತಟ್ತೀನಿ, ನೀವು ಹಾರಿ."

ಮಾಮನ ಮುಖ ಅರಳಿತು. ಮನೆಯೂ ಉಳಿಯಿತು, ಕುಣಿದು ಕುಣಿದು ಕೋಟೂ ಹಿಡಿಸೀತು!

"ಒಂದೇ ಷರತ್ತು," ಎಂದರು ಡಾಕ್ಟರು ಮೆಟ್ಟಿಲಿಳಿಯುತ್ತ. "ತೂಕ ಒಂದು ಚೂರೂ ಇಳೀಬಾರ್ದು. ಇಳಿದ ದಿನ ಮನೆ ಖಾಲಿ."

ಸಂಜೆ ನರ್ಸು ಬೆಣ್ಣೆ ಕೇಕಿನ ದೊಡ್ಡ ಡಬ್ಬಿ ಹೊತ್ತು ಬಂದಳು. "ನನ್ನೆದುರಿಗೇ ತಿನ್ಬೇಕಂತೆ, ಡಾಕ್ಟರು ಹೇಳಿದ್ದಾರೆ."

ಮಾಮ ಹೆಂಡತಿಯ ಮುಖ ನೋಡಿದರು. ಹೆಂಡತಿ ಗೋಡೆ ನೋಡಿದರು. ಮೊದಲ ತುಂಡು ಬಾಯಿಗಿಟ್ಟರೋ ಇಲ್ಲವೋ, ಕೆಳಗಿನಿಂದ ಕೋಲಿನ ಸದ್ದು ಕೇಳಿಸಿತು.

"ಅರ್ಜೆಂಟ್ ಕೇಸು," ಎಂದಳು ನರ್ಸು. "ನುಂಗ್ಕೊಂಡು ಹಾರಿ ಸಾರ್, ತೂಕ ದಂಡ ಆಗ್ಬಾರ್ದು."