ಲಾವಂಚಕ್ಕೆ ಇಂಗ್ಲಿಷಿನಲ್ಲಿ ಎಂತ?

ಜಗತ್ತಿನ ಸಕಲ ಕಷ್ಟಗಳೂ ಮೂಗಿನ ಮೂಲಕವೇ ಪರಿಹಾರವಾಗುತ್ತವೆ ಎಂದು ನಂಬಿದವರು, ನನಗೆ ತಿಳಿದಂತೆ, ಒಬ್ಬರೇ: ಕಾಪುವಿನ ನನ್ನ ಸೋದರಮಾವ. ಮಣಿಪಾಲದ ಅಂಗಡಿಯೊಂದರಿಂದ ಹೆಬ್ಬೆರಳಿನಷ್ಟು ಎತ್ತರದ ಸುಗಂಧತೈಲದ ಬಾಟಲಿ ತಂದ ದಿನದಿಂದ ಅವರ ಅಂಗಿಯ ಕಿಸೆಯೇ ಔಷಧಾಲಯ. ತಲೆನೋವೇ? ಹಣೆಗೆ ಒಂದು ತೊಟ್ಟು. ನಿದ್ದೆ ಇಲ್ಲವೇ? ದಿಂಬಿಗೆ ಎರಡು. ಸೊಳ್ಳೆಯೇ? ಕಿಟಕಿಗೆ ಮೂರು. ಸೊಳ್ಳೆಗಳು ಹೋಗಲಿಲ್ಲ, ಪರಿಮಳ ಬೀರುತ್ತಾ ಕಚ್ಚಿದವು! ವರದಿಗಾರನಾದ ನಾನು ಇದನ್ನು ನನ್ನ ಎರಡೂ ಕೈಗಳ ಸಾಕ್ಷ್ಯದ ಮೇಲೆ ಬರೆಯುತ್ತಿದ್ದೇನೆ.

ಪ್ರತಿ ತೊಟ್ಟಿನ ಬಳಿಕವೂ ಒಂದೇ ಪ್ರಶ್ನೆ: "ವಾಸನೆ ಹೇಗುಂಟು? ಸರಿಯಾಗಿ ಹೇಳು."

ಜಂಬ ಎಂದುಕೊಂಡಿದ್ದೆ. ಕಾರ್ಕಳದ ಬಸ್ಸಿನಲ್ಲಿ ಕರವಸ್ತ್ರಕ್ಕೆ ಧಾರಾಳವಾಗಿ ಸುರಿದುಕೊಂಡಾಗ ಕಂಡಕ್ಟರ್ ಮೂಗು ಮುಚ್ಚಿ, "ಅಣ್ಣಾ, ಮದುಮಗ ಯಾವ ಸೀಟಿನಲ್ಲಿ?" ಎಂದ.

"ಅಷ್ಟು ಜೋರುಂಟಾ?" ಮಾವ ಆಸೆಯಿಂದ ಕೇಳಿದರು!

ಹೋದ ಭಾನುವಾರ ಅವರ ಮನೆಯಲ್ಲಿ ಆಗಷ್ಟೇ ತುಂಬಿಸಿದ್ದ ಹೂಜಿಯ ನೀರು ಕುಡಿದೆ. ಕುಡಿದೆ ಎಂಬುದು ತಪ್ಪು ವರದಿ, ಉಗುಳಿದೆ.

"ಎಂತ ಮಾವ, ಸಾಬೂನಿನ ನೀರಾ?"

"ಲಾವಂಚ ಮಾರಾಯ! ಅಜ್ಜಿ ಹೂಜಿಗೆ ಬೇರು ಹಾಕ್ತಿದ್ದರಲ್ವಾ? ಇದು ಅದರದ್ದೇ ಎಣ್ಣೆ."

ಬಾಟಲಿ ತಿರುಗಿಸಿ ಓದಿದೆ. "ಇದು ಲ್ಯಾವೆಂಡರ್, ಮಾವ. ಕುಡಿಯುವಂಥದ್ದೂ ಅಲ್ಲ."

"ಅದೇ! ಲಾವಂಚಕ್ಕೆ ಇಂಗ್ಲಿಷಿನಲ್ಲಿ ಲ್ಯಾವೆಂಡರ್. ಪೇಪರಿನವನಿಗೆ ಅಷ್ಟೂ ಗೊತ್ತಿಲ್ವಾ?"

ಅದು ಯಾವುದೋ ದೇಶದ ಹೂ, ಇದು ನಮ್ಮ ಹುಲ್ಲಿನ ಬೇರು. ನಗು ಬಂತು. ಆದರೆ ಹುಟ್ಟಿದಂದಿನಿಂದ ಲಾವಂಚದ ನೀರು ಕುಡಿದವರಿಗೆ ಮುಚ್ಚಳ ತೆರೆದಾಗಲೇ ತಿಳಿಯಬೇಡವೇ? ಕೇಳಿಯೇಬಿಟ್ಟೆ.

ಮಾವ ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದರು. "ಜ್ವರ ಬಂದಿತ್ತಲ್ವಾ, ಅಂದಿನಿಂದ ಮೂಗಿಗೆ ಎಂತದೂ ಗೊತ್ತಾಗುವುದಿಲ್ಲ. ಗುರುತಿನ ವಾಸನೆ ದಿನಾ ಮೂಸಿದರೆ ತಿರುಗಿ ಬರ್ತದಂತೆ. ಅತ್ತೆಗೆ ಹೇಳಬೇಡ. ಮಲ್ಲಿಗೆ ಕಟ್ಟಿ ಮೊದಲು ನನ್ನ ಮೂಗಿಗೇ ಹಿಡಿಯುವುದು ಅವಳು."

ಹೊರಟಾಗ ಅತ್ತೆ ಗೇಟಿನವರೆಗೆ ಬಂದರು.

"ಮೂಗಿನ ವಿಷಯ ಹೇಳಿದರಾ?"

ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದೆ.

"ನನಗೆ ಗೊತ್ತುಂಟು. ಮೊನ್ನೆ ಹಿಂದಿನಿಂದ ಬಂದು ಅಬ್ಬಲಿಗೆ ಹಿಡಿದೆ. ಪರಿಮಳವೇ ಇಲ್ಲದ ಹೂ! 'ಆಹಾ, ಮಲ್ಲಿಗೆ' ಅಂದರು."

"ಮತ್ತೆ ದಿನಾ ಹಿಡಿಯುವುದು ಯಾಕೆ ಅತ್ತೆ?"

"ನಿಲ್ಲಿಸಿದರೆ, ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗ್ತದಲ್ವಾ?" ಗೇಟಿನ ಚಿಲಕ ಹಾಕುತ್ತಾ ಅತ್ತೆ ಸೇರಿಸಿದರು: "ಮತ್ತೆ, ವಾಸನೆ ತಿರುಗಿ ಬರುವುದಾದರೆ ಮೊದಲು ಮಲ್ಲಿಗೆಯದ್ದೇ ಬರಲಿ."