ಯಾರ ನೆಂಟರೂ ಇಲ್ಲದ ಕಾಲೇಜು

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು ಬಾಯಿ ಬಿಡುವ ಮುಂಚೆ ಮೈಕಿನ ಗುಂಡಿ ನೋಡಿಕೊಳ್ಳಬೇಕು. ಕೋರ್ವಿನ್ ಟ್ರೂಯಿಟ್ ನೋಡಿಕೊಳ್ಳಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ನಮ್ಮ ಹಾಲಿಸ್ ಮಿಲ್‌ನಲ್ಲಿರುವುದು ಒಂದೇ ಔಷಧಿ ಅಂಗಡಿ. ಅದರ ಪಕ್ಕದ ಗೋಡೆಗೆ ಒಂದು ಕಿಟಕಿ. ಕಾರಿನಲ್ಲಿ ಬಂದವರು ಇಳಿಯುವ ಗೋಜಿಲ್ಲದೆ ಅಲ್ಲೇ ನಿಂತು, ಮೈಕಿನಲ್ಲಿ ಮಾತಾಡಿ, ಮಾತ್ರೆ ತೆಗೆದುಕೊಂಡು ಹೋಗುತ್ತಾರೆ. ಆ ಬೆಳಿಗ್ಗೆ ಅಂಗಡಿ ಖಾಲಿಯಿತ್ತು. ಕೋರ್ವಿನ್ ತನ್ನ ಯಜಮಾನಿ ವರ್ನಾ ಹಿಚನ್ಸ್ ಹತ್ತಿರ ಹೋಗಿ ಪಿಸುಗುಟ್ಟಿದ.

“ಮಿಸ್ ವರ್ನಾ, ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕೋಕೆ ಇವತ್ತೇ ಕೊನೇ ದಿನ. ಪೆನ್ಸಿಲ್ವೇನಿಯಾದಲ್ಲೊಂದು, ಓಹಾಯೊದಲ್ಲೊಂದು, ವೆಸ್ಟ್ ವರ್ಜೀನಿಯಾದಲ್ಲೊಂದು ಆರಿಸಿದ್ದೀನಿ. ದಯವಿಟ್ಟು ಊರಲ್ಲಿ ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ನನ್ನ ಕತೆ ಮುಗೀತು.”

“ಗೊತ್ತಾಯ್ತು ಬಿಡಯ್ಯ!” ಎಂದಿತು ಗೋಡೆ.

ಕೋರ್ವಿನ್ ಬೆಚ್ಚಿ ತಿರುಗಿದ. ಕಿಟಕಿಯ ಆಚೆ, ಕೋಳಿ ಸಾಕುವ ಎಲ್ವುಡ್ ಪಾಸ್‌ವಾಟರ್ಸ್ ತಮ್ಮ ಹಳೇ ಟ್ರಕ್ಕಿನೊಳಗೆ ಹಲ್ಲು ಕಿರಿಯುತ್ತ ಕೂತಿದ್ದರು. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು.

ಕೋರ್ವಿನ್‌ಗೆ ಊರವರ ಮೇಲೆ ಸಿಟ್ಟೇನಿಲ್ಲ, ಅದೇ ಕಷ್ಟ. ಒಂಬತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅಪ್ಪ ಲಾರಿ ಓಡಿಸುತ್ತ ವಾರಗಟ್ಟಲೆ ಊರೂರು ಅಲೆಯುತ್ತಿದ್ದ. ಹುಡುಗನಿಗೆ ಉಣ್ಣಿಸಿದ್ದು ಊರು. ಒಬ್ಬರ ಮನೆಯಲ್ಲಿ ತಿಂಡಿ, ಇನ್ನೊಬ್ಬರ ಮನೆಯಲ್ಲಿ ಊಟ, ಮತ್ತೊಬ್ಬರ ಮನೆಯಲ್ಲಿ ಬೈಗುಳ. ಆ ಉಪಕಾರವನ್ನು ಅವನು ಇವತ್ತಿಗೂ ಮರೆತಿಲ್ಲ. ಆದ್ದರಿಂದ ಇಪ್ಪತ್ನಾಲ್ಕು ತುಂಬಿದರೂ ಈ ಊರಿನ ಯಾರಿಗೂ ‘ಆಗಲ್ಲ’ ಎನ್ನುವುದು ಅವನಿಗೆ ಬಂದಿಲ್ಲ.

ಮೂರೇ ಮೂರು ಜಿಲ್ಲೆಯ ನಮ್ಮ ಡೆಲವೇರ್ ರಾಜ್ಯದಲ್ಲಿ ಫಾರ್ಮಸಿ ಕಾಲೇಜಿಲ್ಲ. ಹಾಗಾಗಿ ಕೋರ್ವಿನ್ ಎಲ್ಲಿಗೆ ಹೋದರೂ ಹೊರರಾಜ್ಯದವನೇ. ಸರ್ಕಾರಿ ಕಾಲೇಜುಗಳು ಮೊದಲು ತಮ್ಮ ರಾಜ್ಯದ ಮಕ್ಕಳಿಗೆ ಬಡಿಸುತ್ತವೆ, ಮಿಕ್ಕಿದ್ದರೆ ಪರರಿಗೆ. ಹೊರಗಿನವರನ್ನು ಯಾರು ಮುಖ ನೋಡಿ ಮಾತಾಡಿಸುತ್ತಾರೆ, ಯಾರು ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂದು ತಿಂಗಳುಗಟ್ಟಲೆ ಫೋನು ಮಾಡಿ ತಿಳಿದುಕೊಂಡು ಆ ಮೂರನ್ನು ಆರಿಸಿದ್ದ. ಅದಕ್ಕಿಂತ ಹೆಚ್ಚು ಅರ್ಜಿ ಹಾಕಲು ಅವನ ಜೇಬು ಒಪ್ಪಿರಲಿಲ್ಲ.

ಈ ವರ್ಷ ತಪ್ಪುವ ಹಾಗೂ ಇರಲಿಲ್ಲ. ವರ್ನಾಗೆ ಅರವತ್ತೆಂಟು ವರ್ಷ, ಮಂಡಿ ಎರಡೂ ಹೋಗಿವೆ. “ನೀನು ಓದೋಕೆ ಸೇರಿಕೊಂಡ್ರೆ ನಾಲ್ಕು ವರ್ಷ ಹಲ್ಲು ಕಚ್ಕೊಂಡು ಅಂಗಡಿ ನಡೆಸ್ತೀನಿ, ಬಂದು ವಹಿಸ್ಕೋ. ಈ ವರ್ಷ ಸೇರಲಿಲ್ಲ ಅಂದ್ರೆ ಬೀಗ ಹಾಕ್ತೀನಿ,” ಎಂದುಬಿಟ್ಟಿದ್ದರು. ಅಂಗಡಿಗೆ ಬೀಗ ಬಿದ್ದರೆ ಊರಿನ ಮುದುಕರೆಲ್ಲ ರಕ್ತದೊತ್ತಡದ ಒಂದು ಮಾತ್ರೆಗೆ ಮುಕ್ಕಾಲು ಗಂಟೆ ಕಾರು ಓಡಿಸಬೇಕು. ಅವರಲ್ಲಿ ಅರ್ಧ ಜನಕ್ಕೆ ಎದುರಿನ ಕಾರು ಕಾಣುವುದಿಲ್ಲ.

“ಪೆನ್ಸಿಲ್ವೇನಿಯಾ ಬೇಡ ಮಗಾ,” ಎಂದರು ಎಲ್ವುಡ್, ಬಾಯಿಯನ್ನು ಮೈಕಿಗೆ ಇನ್ನಷ್ಟು ಹತ್ತಿರ ತಂದು. “ಬೇಸಿಗೆ ಬಂತು ಅಂದ್ರೆ ಆ ಜನ ನಮ್ಮ ಬೀಚಿಗೆ ಬಂದು ರಸ್ತೆ ತುಂಬ್ತಾರೆ. ಅವರ ಹಿಂದೆ ಆಮೆ ಥರಾ ಹೋಗಿ ಹೋಗಿ ನನ್ನ ಆಯಸ್ಸೇ ಸವೆದುಹೋಯ್ತು. ಅಂಥವರ ಹತ್ರ ವಿದ್ಯೆ ಕಲೀತೀಯಾ?”

“ಕಾಲೇಜು ಚೆನ್ನಾಗಿದೆ, ಮಿಸ್ಟರ್ ಎಲ್ವುಡ್...”

“ನಾರ್ತ್ ಕ್ಯಾರೊಲಿನಾದಲ್ಲಿ ನನ್ನ ತಂಗಿ ಇದ್ದಾಳೆ. ಗ್ಯಾರೇಜಿನ ಮೇಲೊಂದು ರೂಮಿದೆ. ಒಂದು ವರ್ಷ ಅಲ್ಲೇ ಬಿದ್ಕೊಂಡಿರು, ಆ ರಾಜ್ಯದವನೇ ಆಗ್ತೀಯ. ಅವಳ ನಾಯಿ ತಿರುಗಾಡಿಸಿದ್ರೆ ಸಾಕು. ಕಚ್ಚುತ್ತೆ, ಆದ್ರೆ ಗಟ್ಟಿಯಾಗಿ ಕಚ್ಚಲ್ಲ.”

“ಸರಿ, ಮಿಸ್ಟರ್ ಎಲ್ವುಡ್,” ಎಂದ ಕೋರ್ವಿನ್. ಟ್ರಕ್ಕು ಹೊರಟಿತು, ಅದರ ಜತೆಗೆ ಸುದ್ದಿಯೂ ಹೊರಟಿತು.

ಹತ್ತು ಗಂಟೆಯ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ವಾರ ಬೇಕಾಗುವ ಮಾತ್ರೆಗೂ ಇವತ್ತೇ ಬಂದಿದ್ದಾರೆ. ಮಾತ್ರೆ ಕೈಗಿಡುವಾಗ “ಔಷಧಿ ಬಗ್ಗೆ ಏನಾದ್ರೂ ಕೇಳೋದಿದೆಯಾ?” ಎಂದು ಕೇಳುವುದು ಅಂಗಡಿಯ ನಿಯಮ. ಕೋರ್ವಿನ್ ಕೇಳಿದ. ಬಂದವರೆಲ್ಲರದೂ ಒಂದೇ ಉತ್ತರ: “ಔಷಧಿ ಬಗ್ಗೆ ಏನಿಲ್ಲ ಕಣೋ, ನಿನ್ನ ಬಗ್ಗೆ ಇದೆ!”

ಒಬ್ಬರಿಗೆ ಟೆಕ್ಸಸ್‌ನಲ್ಲಿ ಭಾವಮೈದುನ. ಒಬ್ಬರಿಗೆ ಫ್ಲೋರಿಡಾದಲ್ಲಿ ಬೀಗರು. ಆ ನೆಂಟರೆಲ್ಲರ ಮನೆಯಲ್ಲೂ ಒಂದು ಖಾಲಿ ರೂಮು. ಮಧ್ಯಾಹ್ನದೊಳಗೆ ಕೋರ್ವಿನ್ ಐದು ರಾಜ್ಯಗಳ ನಿವಾಸಿಯಾಗಲು ‘ಸರಿ’ ಎಂದಾಗಿತ್ತು.

ಅಷ್ಟರಲ್ಲಿ ಡಾರ್ಲೀನ್ ಮೆಸಿಕ್ ಬಂದರು. ಶಾಲೆಯಲ್ಲಿ ಅರ್ಧ ಊರಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರಮ್ಮ. ಅವರ ಎದುರು ಊರಿನ ಪೊಲೀಸಪ್ಪ ಈಗಲೂ ಬಾಯಲ್ಲಿರುವ ಚ್ಯೂಯಿಂಗ್ ಗಮ್ ನುಂಗುತ್ತಾನೆ.

“ಓಹಾಯೊ ಅಂತೆ?” ಎಂದರು.

“ಹೌದು, ಮಿಸ್ ಡಾರ್ಲೀನ್.”

“ನನ್ನ ಮೊದಲನೇ ಗಂಡ ಓಹಾಯೊದವನು.”

“ಏನಾಯ್ತು ಅವರಿಗೆ?”

“ಏನಾಯ್ತಾ? ಮೊದಲನೆಯವನು ಅಂದೆನಲ್ಲೋ, ಇನ್ನೂ ಬಿಡಿಸಿ ಹೇಳ್ಬೇಕಾ? ಹೊಡೆದು ಹಾಕು ಓಹಾಯೊನ!”

ಕೋರ್ವಿನ್ ಸಹಾಯಕ್ಕಾಗಿ ವರ್ನಾ ಕಡೆ ನೋಡಿದ. ವರ್ನಾ ಮಾತ್ರೆ ಎಣಿಸುತ್ತಿದ್ದರು. “ನನ್ನ ಕಡೆ ನೋಡ್ಬೇಡ. ಓದೋನು ನೀನು,” ಎಂದು ಮತ್ತೆ ಎಣಿಕೆಗೆ ತೊಡಗಿದರು. ಇಡೀ ಊರಿನಲ್ಲಿ ಸಲಹೆ ಕೊಡದ ಒಂದೇ ಜೀವ ಅದು.

ಡಾರ್ಲೀನ್ ಕೌಂಟರಿನ ಒಳಗೇ ಬಂದು ಫೋನಿನ ಪಕ್ಕ ಕುರ್ಚಿ ಎಳೆದುಕೊಂಡರು. “ಜನ ಜಾಸ್ತಿ ಇದ್ದಾರೆ. ನೀನು ಗಿರಾಕಿ ನೋಡು, ಫೋನು ನಾನು ನೋಡ್ಕೋತೀನಿ,” ಎಂದರು. ಸಹಾಯ ಮಾಡಲು ಬಂದವರನ್ನು ಎಬ್ಬಿಸುವುದು ಹೇಗೆ?

ಎರಡು ಗಂಟೆಗೆ ಫೋನು ಬಂತು. ವೆಸ್ಟ್ ವರ್ಜೀನಿಯಾದ ಕಾಲೇಜಿನಿಂದ. ಹೊರರಾಜ್ಯದವರಿಗೆ ಎಷ್ಟು ಸೀಟು ಉಳಿದಿವೆ ಎಂದು ಕೋರ್ವಿನ್ ವಿಚಾರಿಸಿದ್ದಕ್ಕೆ ಅಲ್ಲಿನ ಗುಮಾಸ್ತೆ ಪಾಪ ತಾನಾಗಿ ಫೋನು ಮಾಡಿದ್ದಳು.

“ಸೀಟು ಇದೆಯಾ? ಬಹಳ ಸಂತೋಷ ಕಣಮ್ಮ, ದೇವರು ನಿಮಗೆ ಒಳ್ಳೇದು ಮಾಡ್ಲಿ,” ಎಂದರು ಡಾರ್ಲೀನ್. “ನಮ್ಮ ಹುಡುಗ ಚಿನ್ನ. ಆದ್ರೆ ಈಗ್ಲೇ ಹೇಳ್ತೀನಿ ಕೇಳಿ. ಓದು ಮುಗಿದ ದಿನವೇ ನಮ್ಮ ಹುಡುಗನ್ನ ನಮಗೆ ವಾಪಸ್ ಕಳಿಸ್ಬೇಕು. ಅಲ್ಲೇ ಕೆಲಸ ಕೊಡೋದು, ಹುಡುಗಿ ತೋರಿಸೋದು, ಅವೆಲ್ಲ ಇಟ್ಕೋಬಾರ್ದು!”

ಕೋರ್ವಿನ್ ಕೌಂಟರು ಹಾರಿ ಬರುವಷ್ಟರಲ್ಲಿ ಫೋನು ಇಟ್ಟಾಗಿತ್ತು.

“ಏನಂದ್ರು, ಮಿಸ್ ಡಾರ್ಲೀನ್?”

“ಅವರಿಗೆ ಅಲ್ಲೇ ಉಳಿಯೋರು ಬೇಕಂತೆ. ಕಳ್ಳರು! ಸರಿಯಾದ ಟೈಮಿಗೆ ನಾನಿದ್ದೆ, ಬಚಾವಾದೆ ನೀನು.”

ಕೋರ್ವಿನ್ ಸೀದಾ ಹಿಂದಿನ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಯ ಮೇಲೆ ಕೂತ. ಅಳುವೂ ಬಂತು, ನಗುವೂ ಬಂತು. ಇವರಿಗೆ ಬೈಯುವುದು ಹೇಗೆ? ಪೆನ್ಸಿಲ್ವೇನಿಯಾಕ್ಕೆ ಹೋದರೆ ಎಲ್ವುಡ್ ನೊಂದುಕೊಳ್ಳುತ್ತಾರೆ. ಓಹಾಯೊಕ್ಕೆ ಹೋದರೆ ಡಾರ್ಲೀನ್ ವಾರವಾರ ಬಂದು ಕಾವಲು ಕಾಯುತ್ತಾರೆ. ಕಂಪ್ಯೂಟರಿನಲ್ಲಿ ಅಮೆರಿಕದ ನಕ್ಷೆ ತೆರೆದು, ಹಾಲಿಸ್ ಮಿಲ್‌ನ ಒಂದು ನರಪಿಳ್ಳೆಗೂ ನೆಂಟರಿಲ್ಲದ ರಾಜ್ಯ ಹುಡುಕಿದ. ನೆಬ್ರಾಸ್ಕಾ! ಬರೀ ಜೋಳದ ಹೊಲ. ಆ ಹೆಸರನ್ನು ಈ ಊರಿನಲ್ಲಿ ಯಾರ ಬಾಯಲ್ಲೂ ಕೇಳಿದ್ದೇ ಇಲ್ಲ. ಅಲ್ಲಿನ ಒಂದು ಕಾಲೇಜು ಹೊರಗಿನವರನ್ನು ಸಂತೋಷವಾಗಿ ತೆಗೆದುಕೊಳ್ಳುತ್ತಿತ್ತು. ದೂರದಿಂದ ಅರ್ಜಿ ಹಾಕಿದವರಿಗೆ ಮೊದಲ ಸಂದರ್ಶನ ಅವರ ಮನೆಗೆ ಹತ್ತಿರವಿರುವ ಹಳೇ ವಿದ್ಯಾರ್ಥಿಯಿಂದ, ಎಂದಿತ್ತು. ಇಲ್ಲಿಗೆ ಹತ್ತಿರ ಎಂದರೆ ಎಲ್ಲೋ ಫಿಲಡೆಲ್ಫಿಯಾದ ಯಾರೋ ಇರಬೇಕು, ಇರಲಿ ಎಂದುಕೊಂಡ. ಅರ್ಜಿ ತುಂಬಿ, ಕಣ್ಣುಮುಚ್ಚಿ ಗುಂಡಿ ಒತ್ತಿದ. ಪೆನ್ಸಿಲ್ವೇನಿಯಾ, ಓಹಾಯೊಗಳ ಗೊಡವೆಗೇ ಹೋಗಲಿಲ್ಲ.

ಬಾಗಿಲು ಹಾಕುವ ಹೊತ್ತಿಗೆ ಹೊರಗೆ ಬಂದರೆ ಜನ ಹೋಗಿಯೇ ಇಲ್ಲ. ಅಗ್ನಿಶಾಮಕದವರ ಸಭಾಂಗಣದಲ್ಲಿ ಅವತ್ತು ಊರೂಟ. ಹೋಗುವ ದಾರಿಯಲ್ಲಿ ಎಲ್ಲರೂ ಇಲ್ಲಿ ತಂಗಿದ್ದರು. ಡಾರ್ಲೀನ್ ಮನೆಗೆ ಹೋಗಿ ಕೋಳಿ ಸಾರಿನ ಕಡುಬಿನ ಪಾತ್ರೆಯನ್ನೇ ತಂದು ಕೌಂಟರಿನ ಮೇಲಿಟ್ಟಿದ್ದರು.

“ಅರ್ಜಿ ಹಾಕ್ಬಿಟ್ಟೆ,” ಎಂದ ಕೋರ್ವಿನ್, ಜೀವಮಾನದಲ್ಲಿ ಮೊದಲ ಸಲ ಎದೆ ಸೆಟೆಸಿ. “ನೆಬ್ರಾಸ್ಕಾಗೆ.”

“ಅಲ್ಲಿ ನಮ್ಮೋರು ಯಾರೂ ಇಲ್ವಲ್ಲೋ!” ಎಂದರು ಎಲ್ವುಡ್.

ಆಗ ಒಬ್ಬರು ನಗತೊಡಗಿದರು. ವರ್ನಾ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮಂಡಿ ಹಿಡಿದುಕೊಂಡು ನಕ್ಕರು.

“ಇಡೀ ಊರಿನ ಮಾತು ಕೇಳಿದೆ. ನನ್ನನ್ನ ಒಂದು ದಿನ ಕೇಳಿದ್ಯಾ, ಮಿಸ್ ವರ್ನಾ ನೀವೆಲ್ಲಿ ಓದಿದ್ದು ಅಂತ? ನಾನೇನು ಈ ಕೌಂಟರಿನ ಹಿಂದೇನೇ ಹುಟ್ಟಿದೆ ಅನ್ಕೊಂಡ್ಯಾ?”

ಕೋರ್ವಿನ್‌ನ ಎದೆ ಮತ್ತೆ ಒಳಕ್ಕೆ ಹೋಯಿತು. “ನೆಬ್ರಾಸ್ಕಾ?”

“ಅದೇ ಕಾಲೇಜು. ಈ ಕಡೆಯಿಂದ ಅರ್ಜಿ ಹಾಕಿದವರನ್ನ ಮಾತಾಡಿಸೋಳು ನಾನೇ. ಒಪ್ಕೊಂಡು ಮೂವತ್ತು ವರ್ಷ ಆಯ್ತು, ಇವತ್ತಿನವರೆಗೆ ಒಂದು ನಾಯಿನೂ ಬಂದಿರ್ಲಿಲ್ಲ.” ಅಷ್ಟರಲ್ಲಿ ಅವರ ನಗು ನಿಂತಿತು. “ಒಂದು ತೊಂದರೆ ಇದೆ. ನನ್ನ ಕೈಕೆಳಗೆ ಕೆಲಸ ಮಾಡೋರನ್ನ ನಾನು ಮಾತಾಡಿಸೋ ಹಾಗಿಲ್ಲ. ಬೇರೆ ಯಾರೂ ಈ ಕಡೆ ಇಲ್ಲ.”

“ಹಾಗಾದ್ರೆ?”

“ಕೋಟು ಬಿಚ್ಚು. ಈ ನಿಮಿಷದಿಂದ ನಿನಗಿಲ್ಲಿ ಕೆಲಸ ಇಲ್ಲ.”

ಕೋರ್ವಿನ್ ಬಿಳೀ ಕೋಟು ಬಿಚ್ಚಿಟ್ಟ. ವರ್ನಾ ಎದುರಿಗೆ ಕುರ್ಚಿ ತೋರಿಸಿದರು. ಊರವರು ಸುತ್ತ ನಿಂತರು.

“ನಿಜ ಹೇಳ್ಬೇಕು. ಹೇಳಿದ್ದನ್ನೇ ನಾನು ಕಾಲೇಜಿಗೆ ತಿಳಿಸ್ತೀನಿ. ಇಷ್ಟು ದೂರದ ಊರು ಯಾಕೆ ಆರಿಸಿದೆ?”

ನಿಜವಾದ ಕಾರಣ ಅವನ ಬೆನ್ನ ಹಿಂದೆಯೇ ಉಸಿರು ಬಿಗಿಹಿಡಿದು ನಿಂತಿತ್ತು. ಕೋರ್ವಿನ್ ತಿರುಗಿ ನೋಡಿದ. ಎಲ್ವುಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಡಾರ್ಲೀನ್ ಅವನಿಗೆಂದು ತಟ್ಟೆಗೆ ಕಡುಬು ಬಡಿಸುತ್ತಿದ್ದರು, ಚಿಕ್ಕಂದಿನಲ್ಲಿ ಬಡಿಸಿದ ಹಾಗೆಯೇ, ಸಾರು ಹೆಚ್ಚಾಗಿ.

“ಇವರೆಲ್ಲ ನನ್ನನ್ನ ಸಾಕಿದವರು, ಮಿಸ್ ವರ್ನಾ. ಇವರು ಹತ್ರ ಇದ್ರೆ ನಾನು ಓದಲ್ಲ, ಬರೀ ಇವರು ಹೇಳಿದ್ದಕ್ಕೆ ತಲೆ ಆಡಿಸ್ತೀನಿ. ದೂರ ಹೋಗಿ ಕಲಿತು ಬರ್ತೀನಿ. ಇವರಿಗೆ ಮಾತ್ರೆ ಕೊಡೋಕೆ ಬೇರೆ ಯಾರೋ ಬರೋದು ನನಗೆ ಬೇಡ.”

ಡಾರ್ಲೀನ್ ಸೆರಗಿಲ್ಲದ ಕಾರಣ ಕೌಂಟರು ಒರೆಸುವ ಬಟ್ಟೆಯಲ್ಲೇ ಮೂಗೊರೆಸಿಕೊಂಡರು.

“ಮುಗೀತು. ಕಾಲೇಜಿಗೆ ಒಳ್ಳೇ ಮಾತು ಹೇಳ್ತೀನಿ,” ಎಂದರು ವರ್ನಾ.

ಚಪ್ಪಾಳೆ ಬಿತ್ತು. ಕೋರ್ವಿನ್ ಕಣ್ಣೊರೆಸಿಕೊಂಡು ಕೋಟಿಗೆ ಕೈ ಹಾಕಿದ.

“ಮುಟ್ಬೇಡ!” ಎಂದರು ವರ್ನಾ. “ಕಾಲೇಜಿನವರು ಕೊನೇ ಮಾತು ಹೇಳೋವರೆಗೆ ನಿನ್ನನ್ನ ಮತ್ತೆ ಕೆಲಸಕ್ಕೆ ಇಟ್ಕೊಂಡ್ರೆ ಇದೆಲ್ಲ ರದ್ದಾಗುತ್ತೆ.”

“ಅಯ್ಯೋ! ಯಾವಾಗ ಹೇಳ್ತಾರೆ?”

“ಚಳಿಗಾಲ ಕಳೆದು ಹಿಮ ಕರಗಲಿ.”

“ಅಲ್ಲೀವರೆಗೆ ಗಿರಾಕಿಗಳನ್ನ ಯಾರು ನೋಡ್ಕೋತಾರೆ?”

ಡಾರ್ಲೀನ್ ಆಗಲೇ ಕೋಟು ತೊಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದರು.

ಎಲ್ವುಡ್ ಬಂದು ಕೋರ್ವಿನ್‌ನ ಹೆಗಲ ಮೇಲೆ ಕೈ ಹಾಕಿದರು. “ಕೆಲಸ ಹೋಯ್ತು ಅಂತ ಕೊರಗ್ಬೇಡ ಮಗಾ, ನಾವೆಲ್ಲ ಸತ್ತಿದ್ದೀವಾ? ನಾಳೆ ಬೆಳಿಗ್ಗೆ ಬಾ, ನಮ್ಮ ಕೋಳಿ ಶೆಡ್ಡಿನ ಗೊಬ್ಬರ ಎತ್ತೋದಿದೆ. ಸಲಿಕೆ ನಾನೇ ಕೊಡ್ತೀನಿ.”

ಕೋರ್ವಿನ್ ಕಡುಬು ನುಂಗಿ, “ಬಹಳ ಉಪಕಾರ ಆಯ್ತು, ಮಿಸ್ಟರ್ ಎಲ್ವುಡ್,” ಎಂದ. ಮನಸಾರೆ ಹೇಳಿದ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದು ಒಮ್ಮೆ ಉಸಿರೆಳೆದುಕೊಳ್ಳುವವರೆಗೂ ಆ ಕೃತಜ್ಞತೆ ಹಾಗೇ ಇತ್ತು.